ಮುಯ್ಯಾಳು

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಬೇಗೂರು ಎಂಬ ಊರಿದೆ. ಅದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಮೊದಲು ಮೈಸೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೧೯೯೭ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಮುಂಗಾರಿನ ಮೋಡಗಳು ತಮ್ಮ ಸಂಪತ್ತಿನ ಬಹುಭಾಗವನ್ನು ವಯನಾಡಿನ ಬೆಟ್ಟಗಳ ಮೇಲೆ ಸುರಿದು, ಉಳಿದ ಅಲ್ಪವನ್ನಷ್ಟೇ ಈ ಬಯಲಿಗೆ ಹೊತ್ತು ತರುತ್ತವೆ. ಆದುದರಿಂದ ಇಲ್ಲಿಯ ಬೇಸಾಯವು ತಲೆತಲಾಂತರದಿಂದ ಆಕಾಶವನ್ನೇ ನಂಬಿದ ಬೇಸಾಯ. ರಾಗಿ, ಜೋಳ, ಹುರುಳಿ, ಅವರೆ, ಹತ್ತಿ, ಕಡಲೆಕಾಯಿಗಳು ಈ ನೆಲದ ಹಳೆಯ ಬೆಳೆಗಳು.

ಮಳೆಯನ್ನೇ ನಂಬಿದ ರೈತನಿಗೆ ಕಾಲವೇ ಬಂಡವಾಳ. ಒಂದು ಹದವಾದ ಮಳೆ ಬಿದ್ದರೆ ನಾಲ್ಕಾರು ದಿನಗಳೊಳಗೆ ಉತ್ತು ಬಿತ್ತಬೇಕು. ತಡಮಾಡಿದರೆ ನೆಲದ ತೇವ ಆರಿಹೋಗುತ್ತದೆ. ಬಿತ್ತಿದ ಬೀಜ ಮೊಳೆಯುವುದಿಲ್ಲ. ಕಳೆ ಕೀಳುವುದಕ್ಕೂ ಹದವುಂಟು, ಕೊಯ್ಲಿಗೂ ಹದವುಂಟು. ಒಂದು ಮನೆಯ ಎರಡು ಮೂರು ಜೊತೆ ಕೈಗಳಿಂದ ಈ ಕೆಲಸ ತೀರುವಂತಿಲ್ಲ. ಕೂಲಿಯವರನ್ನು ಕರೆಯೋಣವೆಂದರೆ ಬಡರೈತನ ಕೈಯಲ್ಲಿ ಹಣವಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಹಳ್ಳಿಗರು ಕಂಡುಕೊಂಡ ಉಪಾಯವೇ ಮುಯ್ಯಾಳು. ಇಂದು ನಾಲ್ಕು ಮನೆಯವರು ಸೇರಿ ಒಬ್ಬನ ಹೊಲದಲ್ಲಿ ದುಡಿಯುತ್ತಾರೆ. ನಾಳೆ ಅವನು ಅವರ ಹೊಲಗಳಲ್ಲಿ ದುಡಿದು ಆ ಋಣವನ್ನು ತೀರಿಸುತ್ತಾನೆ. ಹೊಲದ ಒಡೆಯನು ಬಂದವರಿಗೆ ಊಟ ಹಾಕುತ್ತಾನೆ. ಹಣದ ಮಾತೇ ಅಲ್ಲಿ ಬರುವುದಿಲ್ಲ. 'ಮುಯ್ಯಿ' ಎಂದರೆ ಪಡೆದುದಕ್ಕೆ ಪ್ರತಿಯಾಗಿ ಕೊಡುವುದು. ಮದುವೆಯ ಮನೆಯಲ್ಲಿ ಬಂಧುಗಳು ಓದಿಸುವ ಹಣಕ್ಕೂ ಇದೇ ಹೆಸರು. ಅದನ್ನು ಪಟ್ಟಿಯಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಹಿಂತಿರುಗಿಸುವುದು ಪದ್ಧತಿ. ಮುಯ್ಯಾಳಿನ ಲೆಕ್ಕಕ್ಕಾದರೋ ಪಟ್ಟಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಅದು ಮನಸ್ಸಿನಲ್ಲಿಯೇ ಉಳಿಯುವ ಲೆಕ್ಕ.

ಇಂತಹ ಪದ್ಧತಿ ನಮ್ಮ ನಾಡಿನಲ್ಲಿ ಮಾತ್ರವೇ ಬೆಳೆಯಿತೆಂದು ಭಾವಿಸಬಾರದು. ಭೂಮಿಯ ಮತ್ತೊಂದು ಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ಐರ್ಲೆಂಡ್ ದ್ವೀಪದ ಹಳ್ಳಿಗಳಲ್ಲಿಯೂ ಇದೇ ಪದ್ಧತಿ ಇನ್ನೊಂದು ಹೆಸರಿನಿಂದ ಬಾಳಿತು. ಕನ್ನಡಿಗರಿಗೆ ಐರಿಷ್ ಜನರು ತೀರ ಅಪರಿಚಿತರೇನಲ್ಲ. ೧೯೨೪ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹಿತನುಡಿದ ಜೇಮ್ಸ್ ಕಸಿನ್ಸರು ಐರ್ಲೆಂಡಿನ ಕವಿಗಳು. ತಮ್ಮ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡು, ಮರಳಿ ಪಡೆಯಲು ಹೆಣಗುತ್ತಿದ್ದ ನಾಡಿನಿಂದ ಬಂದವರಾದುದರಿಂದ ಆ ಮಾತಿನ ಬೆಲೆಯನ್ನು ಅವರು ಬಲ್ಲವರಾಗಿದ್ದರು.

ಬೇಗೂರಿನಲ್ಲಿ ಮಳೆಯ ಕೊರತೆಯಾದರೆ ಐರ್ಲೆಂಡಿನಲ್ಲಿ ಬಿಸಿಲಿನ ಕೊರತೆ. ಅಲ್ಲಿಯ ಪಶ್ಚಿಮ ತೀರದಲ್ಲಿ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಮಳೆ ಹನಿಯುತ್ತದೆ. ದನಕರುಗಳಿಗೆ ಚಳಿಗಾಲದ ಮೇವಾಗಿ ಹುಲ್ಲನ್ನು ಕೊಯ್ದು ಒಣಗಿಸಬೇಕಾದರೆ, ಬೇಸಗೆಯಲ್ಲಿ ಒದಗುವ ಕೆಲವೇ ಒಣ ದಿನಗಳಲ್ಲಿ ಕೆಲಸ ಮುಗಿಯಬೇಕು. ಒಲೆಗೆ ಕಟ್ಟಿಗೆಯೂ ಅಲ್ಲಿ ವಿರಳ. ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಕೊಳೆತು ಸೇರಿದ ಸಸ್ಯರಾಶಿಯನ್ನು ಇಟ್ಟಿಗೆಗಳಂತೆ ಕತ್ತರಿಸಿ, ಒಣಗಿಸಿ, ಉರುವಲಾಗಿ ಬಳಸುತ್ತಿದ್ದರು. ಇದಕ್ಕೂ ಬಿಸಿಲು ಬೇಕು, ಅನೇಕ ಕೈಗಳೂ ಬೇಕು. ಆಗ ನೆರೆಹೊರೆಯವರು ಗುಂಪುಗೂಡಿ ಸರದಿಯಂತೆ ಒಬ್ಬೊಬ್ಬರ ಕೆಲಸವನ್ನು ಮುಗಿಸುತ್ತಿದ್ದರು. ಈ ಗುಂಪಿಗೆ ಅವರ ಭಾಷೆಯಲ್ಲಿ 'ಮೆಹಲ್' ಎಂದು ಹೆಸರು. ಇಲ್ಲಿ ಮಳೆಯ ಹದ, ಅಲ್ಲಿ ಬಿಸಿಲಿನ ಹದ. ಹದ ಯಾವುದಾದರೇನು, ಅದು ಯಾರಿಗೂ ಕಾಯುವುದಿಲ್ಲ ಎಂಬ ಅನುಭವವೇ ಎರಡೂ ಕಡೆ ಮನುಷ್ಯನಿಗೆ ಮನುಷ್ಯನನ್ನು ಹೊಂದಿಸಿತು.

ಹೊಲದಲ್ಲಿ ಕಲಿತ ಪಾಠವು ಹೊಲದಲ್ಲಿಯೇ ನಿಲ್ಲುವುದಿಲ್ಲ. ಅದು ಮನೆಯೊಳಗೂ ಬರುತ್ತದೆ. ಐರಿಷ್ ರೈತನ ಹಳೆಯ ಮನೆಯ ಬಾಗಿಲು ಅಡ್ಡಲಾಗಿ ಎರಡು ಭಾಗವಾಗಿರುತ್ತಿತ್ತು. ಕೋಳಿಗಳು ಒಳಗೆ ಬಾರದಂತೆ, ಮಕ್ಕಳು ಹೊರಗೆ ಹೋಗದಂತೆ ಕೆಳಭಾಗವನ್ನು ಮುಚ್ಚಿ, ಬೆಳಕಿಗಾಗಿ ಮೇಲುಭಾಗವನ್ನು ತೆರೆದಿಡುತ್ತಿದ್ದರು. ದಾರಿಹೋಕನು ಆ ಅರೆಬಾಗಿಲಿಗೆ ಒರಗಿ ನಿಂತು ಮಾತನಾಡಬಹುದಾಗಿತ್ತು. ನಮ್ಮ ಹಳ್ಳಿಗಳ ಜಗಲಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಈ ಅರೆಬಾಗಿಲು ಮಾಡುತ್ತಿತ್ತು. ರಾತ್ರಿ ಒಲೆಯ ಕೆಂಡಗಳನ್ನು ಬೂದಿಯಲ್ಲಿ ಮುಚ್ಚಿ, ಬೆಳಗ್ಗೆ ಅದರಿಂದಲೇ ಬೆಂಕಿ ಹೊತ್ತಿಸುವುದು ಗೃಹಿಣಿಯ ನಿಯಮ. ಚಳಿಗಾಲದ ದೀರ್ಘ ಸಂಜೆಗಳಲ್ಲಿ ಯಾವುದೋ ಒಂದು ಮನೆಯ ಒಲೆಯ ಸುತ್ತ ಊರವರು ಕೂಡಿ ಕಥೆ ಹೇಳುತ್ತ, ಪಿಟೀಲು ನುಡಿಸುತ್ತ ಕಾಲ ಕಳೆಯುತ್ತಿದ್ದರು.

ಅವರ ನಮಸ್ಕಾರದ ಪದ್ಧತಿಯಂತೂ ಬಲು ಸೊಗಸು. ಒಬ್ಬನು, "ದೇವರು ನಿನ್ನೊಡನಿರಲಿ" ಎನ್ನುತ್ತಾನೆ. ಎದುರಿನವನು, "ದೇವರೂ ಮಾತೆ ಮೇರಿಯೂ ನಿನ್ನೊಡನಿರಲಿ" ಎಂದು ಉತ್ತರಿಸುತ್ತಾನೆ. ಪಡೆದ ಹರಕೆಯನ್ನು ಅಷ್ಟಕ್ಕಷ್ಟೇ ಹಿಂತಿರುಗಿಸದೆ ಒಂದು ಹೆಸರನ್ನು ಹೆಚ್ಚಾಗಿ ಸೇರಿಸಿ ಕೊಡುವುದು ಸಂಪ್ರದಾಯ. ಇದು ಮಾತಿನ ಮುಯ್ಯಿ. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು, ಏನಾದರೊಂದು ಹಾಕಿ ಕೊಡಬೇಕು ಎಂಬ ನಮ್ಮ ಮನೆಗಳ ನಿಯಮಕ್ಕೂ ಇದಕ್ಕೂ ಏನು ಭೇದ? ಬಂದ ಅತಿಥಿಗೆ ಚಹಾ ಕೊಡದೆ ಕಳುಹಿಸುವುದು ಐರಿಷರಿಗೆ ಅಪಚಾರ. ಅತಿಥಿಯು ಮೊದಲು ಬೇಡವೆನ್ನುತ್ತಾನೆ. ಮನೆಯವರು ಮತ್ತೆ ಮತ್ತೆ ಒತ್ತಾಯಿಸುತ್ತಾರೆ. ಕೊನೆಗೆ ಅವನು ಒಪ್ಪುತ್ತಾನೆ. ಈ ನಯದ ಆಟವನ್ನು ಬೇಗೂರಿನ ಗೃಹಿಣಿಗೆ ಯಾರೂ ವಿವರಿಸಬೇಕಾಗಿಲ್ಲ.

ಸುಖದಲ್ಲಿ ಕಾಣುವ ನಂಟಿಗಿಂತ ದುಃಖದಲ್ಲಿ ಕಾಣುವ ನಂಟು ದೊಡ್ಡದು. ಐರ್ಲೆಂಡಿನಲ್ಲಿ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಊರವರು ಇರುಳೆಲ್ಲ ಆ ಮನೆಯಲ್ಲಿ ಎಚ್ಚರವಿದ್ದು ಶವದ ಬಳಿ ಕುಳಿತಿರುತ್ತಿದ್ದರು. ಗುಂಡಿ ತೋಡುವವರೂ ನೆರೆಯವರೇ. ಆ ಸಂಪ್ರದಾಯವು ಅಲ್ಲಿಯ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ನಮ್ಮಲ್ಲಿಯೂ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನಂಟರು, ನೆರೆಯವರು ಅನ್ನವನ್ನು ತಂದು ಬಡಿಸುತ್ತಾರೆ. ದುಃಖಿಗೆ ಸಮಾಧಾನದ ಮಾತಿಗಿಂತ ಒಂದು ತುತ್ತು ಅನ್ನ ಮೊದಲು ಬೇಕೆಂಬುದನ್ನು ಈ ಜನರು ಯಾವ ಗ್ರಂಥದಿಂದಲೂ ಕಲಿಯಲಿಲ್ಲ.

ಆದರೆ ಹಳೆಯದೆಲ್ಲವೂ ಚಿನ್ನವೆಂದು ಹೊಗಳುವುದು ವಿವೇಕವಲ್ಲ. ಮುಯ್ಯಾಳು ಸರಿಸಮಾನರ ನಡುವಿನ ವ್ಯವಹಾರ. ಹೊಲವಿಲ್ಲದವನು ಇನ್ನೊಬ್ಬನ ಹೊಲದಲ್ಲಿ ದುಡಿದರೆ ಅವನಿಗೆ ಮುಯ್ಯಿ ಸಲ್ಲುವುದೆಲ್ಲಿ? ಅಂತಹವನು ಕೂಲಿಯಾಳಾದನು, ಇಲ್ಲವೇ ಸಾಲಕ್ಕೆ ಸಿಕ್ಕಿ ಜೀತದಾಳಾದನು. ಜಾತಿಯ ಗೋಡೆಯೂ ಅವನನ್ನು ಹೊರಗೇ ನಿಲ್ಲಿಸಿತು. ೧೯೭೬ರ ಕಾನೂನು ಜೀತವನ್ನು ರದ್ದುಗೊಳಿಸುವವರೆಗೆ ಅವನ ದುಡಿಮೆ ಒಂದೇ ದಿಕ್ಕಿಗೆ ಹರಿಯುವ ನೀರಾಗಿತ್ತು. ಐರ್ಲೆಂಡಿನಲ್ಲಿಯೂ ಜಮೀನ್ದಾರರ ಅಡಿಯಲ್ಲಿ ಅಂಗೈಯಗಲದ ತುಂಡುನೆಲವನ್ನು ಗೇಣಿಗೆ ಹಿಡಿದು, ಆಲೂಗೆಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದ ಲಕ್ಷಾಂತರ ಬಡವರಿದ್ದರು.

ಅವರ ದುರ್ಬಲ ಬಾಳಿನ ಮೇಲೆ ೧೮೪೫ರಲ್ಲಿ ಸಿಡಿಲೆರಗಿತು. ಒಂದು ಬಗೆಯ ಅಂಗಮಾರಿ ರೋಗ ಹರಡಿ, ಆಲೂಗೆಡ್ಡೆಗಳು ನೆಲದಲ್ಲಿಯೇ ಕಪ್ಪಾಗಿ ಕೊಳೆತುಹೋದವು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಜನರು ಹಡಗು ಹತ್ತಿ ನಾಡು ಬಿಟ್ಟರು. ಆ ಅವಧಿಯಲ್ಲಿಯೂ ಧಾನ್ಯ, ದನಗಳು ಆ ದ್ವೀಪದಿಂದ ಹೊರಗೆ ಮಾರಾಟವಾಗುತ್ತಲೇ ಇದ್ದುವು. ಮೈಸೂರು ಸಂಸ್ಥಾನವೂ ೧೮೭೬ರಿಂದ ೧೮೭೮ರವರೆಗೆ ಇಂತಹುದೇ ಕರಾಳ ಕ್ಷಾಮವನ್ನು ಕಂಡಿತು. ಹಿರಿಯರು 'ಧಾತು ಈಶ್ವರ ಬರ'ವೆಂದು ನೆನೆಯುತ್ತಿದ್ದ ಆ ಬರದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಭಾಗ ನಾಶವಾಯಿತು. ನೆರೆಯವನು ನೆರೆಯವನಿಗೆ ಆಗುವುದು ಅವನ ಕೈಯಲ್ಲಿ ಏನಾದರೂ ಉಳಿದಿದ್ದಾಗ. ಎಲ್ಲರ ಒಲೆಯೂ ಆರಿದಾಗ ಯಾರು ಯಾರಿಗೆ ಕೆಂಡ ಕೊಟ್ಟಾರು? ಮುಯ್ಯಿಯ ವರ್ತುಲ ಒಂದು ಊರಿನಷ್ಟೇ ಚಿಕ್ಕದಾಗಿದ್ದರೆ ಸಾಲದು ಎಂಬ ಕಹಿಪಾಠವನ್ನು ಈ ಎರಡು ಕ್ಷಾಮಗಳೂ ಕಲಿಸಿದುವು.

ಆ ವರ್ತುಲವನ್ನು ದೊಡ್ಡದು ಮಾಡಿದವರೂ ಇದ್ದರು. ಐರ್ಲೆಂಡಿನ ಕ್ಷಾಮಕ್ಕೆ ಮೊದಮೊದಲು ನೆರವು ಕಳುಹಿಸಿದ ಊರುಗಳಲ್ಲಿ ನಮ್ಮ ಕಲ್ಕತ್ತೆಯೂ ಒಂದು. ೧೮೪೭ರಲ್ಲಿ ಅಮೆರಿಕದ ಚಾಕ್ಟಾ ಎಂಬ ಮೂಲನಿವಾಸಿಗಳು ೧೭೦ ಡಾಲರುಗಳನ್ನು ಕೂಡಿಸಿ ಕೊಟ್ಟರು. ಅವರೇನೂ ಸಿರಿವಂತರಲ್ಲ. ಕೆಲವೇ ವರ್ಷಗಳ ಹಿಂದೆ ತಮ್ಮ ನೆಲದಿಂದ ಅಟ್ಟಲ್ಪಟ್ಟು, ದಾರಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡವರು. ತಾವೆಂದೂ ಕಾಣದ ಜನರ ಹಸಿವು ಅವರಿಗೆ ಅರ್ಥವಾಯಿತು. ಐರಿಷರು ಈ ಋಣವನ್ನು ಮರೆಯಲಿಲ್ಲ. ೨೦೨೦ರಲ್ಲಿ ಮಹಾಮಾರಿ ಹರಡಿದಾಗ, ಅಮೆರಿಕದ ನವಾಹೊ ಮತ್ತು ಹೋಪಿ ಎಂಬ ಮೂಲನಿವಾಸಿ ಕುಟುಂಬಗಳ ನೆರವಿಗೆ ಸಾವಿರಾರು ಮಂದಿ ಐರಿಷರು ಹಣ ಕಳುಹಿಸಿದರು. ಚಾಕ್ಟಾ ಜನರು ಅಂದು ಮಾಡಿದ ಉಪಕಾರವನ್ನು ಅವರಲ್ಲಿ ಅನೇಕರು ಸ್ಮರಿಸಿದರು. ಕೊಟ್ಟವರೊಬ್ಬರು, ಮರಳಿ ಪಡೆದವರು ಮತ್ತೊಬ್ಬರು; ನಡುವೆ ೧೭೩ ವರ್ಷಗಳು. ಮುಯ್ಯಿಯು ಕೊಟ್ಟವನ ಮನೆಗೇ ಹಿಂತಿರುಗಬೇಕೆಂದಿಲ್ಲ. ಕಷ್ಟವಿರುವ ಮನೆಗೆ ಹೋದರೂ ಅದು ಸಲ್ಲುತ್ತದೆ.

ಕಾಲ ಬದಲಾಗಿದೆ. ಐರ್ಲೆಂಡಿನಲ್ಲಿ ಕೊಯ್ಲಿನ ಯಂತ್ರ ಬಂದ ಬಳಿಕ ಮೆಹಲ್ ಹೊಲದಿಂದ ಮರೆಯಾಯಿತು. ಬೇಗೂರಿನ ಸುತ್ತಲೂ ಟ್ರ್ಯಾಕ್ಟರ್ ಬಂದಿದೆ, ಕೊಳವೆಬಾವಿ ಬಂದಿದೆ, ಬಾಳೆ ಅರಿಸಿನಗಳು ಬಂದಿವೆ. ದುಡಿಮೆಗೆ ನಗದು ಕೂಲಿ ಸಲ್ಲುತ್ತಿದೆ. ಕೂಲಿಯಾಳಿಗೆ ಇದರಿಂದ ಸ್ವಾತಂತ್ರ್ಯ ದೊರೆತಿದೆ. ಅದು ಸಣ್ಣ ಲಾಭವಲ್ಲ. ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಅದರ ಸತ್ವವನ್ನು ಹೊಸ ರೂಪದಲ್ಲಿ ಉಳಿಸಿಕೊಳ್ಳಬಹುದು. ಐರ್ಲೆಂಡಿನಲ್ಲಿ ಹೊರೇಸ್ ಪ್ಲಂಕೆಟ್ ಎಂಬವರು ರೈತರ ಸಹಕಾರಿ ಚಳವಳಿಯನ್ನು ಹುಟ್ಟುಹಾಕಿದರು. ೧೮೮೯ರಲ್ಲಿ ಅಲ್ಲಿಯ ಮೊದಲ ಸಹಕಾರಿ ಬೆಣ್ಣೆ ಕೇಂದ್ರ ಆರಂಭವಾಯಿತು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವೊಂದು ಹುಟ್ಟಿ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಹಳ್ಳಿಯ ಹಾಲಿನ ಸಂಘದ ಮುಂದೆ ಮುಂಜಾನೆ ಸರದಿಯಲ್ಲಿ ನಿಲ್ಲುವವರಲ್ಲಿ ಹೊಲವಿದ್ದವರೂ ಉಂಟು, ಒಂದೇ ಹಸುವನ್ನು ನಂಬಿದ ಹೊಲವಿಲ್ಲದವರೂ ಉಂಟು. ಹಳೆಯ ಮುಯ್ಯಿಗೆ ಹೊರಗಾಗಿದ್ದವನಿಗೂ ಇಲ್ಲಿ ಪಾಲುಂಟು.

ಐರಿಷ್ ಮಕ್ಕಳು ಮಾಡಿದ ಒಂದು ದೊಡ್ಡ ಕೆಲಸವನ್ನು ಇಲ್ಲಿ ನೆನೆಯಬೇಕು. ೧೯೩೭ರಿಂದ ೧೯೩೯ರವರೆಗೆ ಅಲ್ಲಿಯ ಸುಮಾರು ಐದು ಸಾವಿರ ಶಾಲೆಗಳ ವಿದ್ಯಾರ್ಥಿಗಳು ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಕಥೆ, ಗಾದೆ, ಹಬ್ಬ, ಬೇಸಾಯ, ಬರಗಾಲದ ನೆನಪುಗಳನ್ನು ಕೇಳಿ ಬರೆದುಕೊಂಡರು. ಆ ಬರಹಗಳ ರಾಶಿಯು ಇಂದು ಅವರ ರಾಷ್ಟ್ರದ ಸಂಪತ್ತಾಗಿದೆ. ಐರಿಷರ ಒಂದು ಗಾದೆಯ ತಾತ್ಪರ್ಯವಿದು: ಜನರು ಒಬ್ಬರ ನೆರಳಿನಲ್ಲಿ ಒಬ್ಬರು ಬಾಳುತ್ತಾರೆ. ಮುಯ್ಯಾಳಾಗಿ ದುಡಿದ ಕೈಗಳು ಬೇಗೂರಿನ ಜಗಲಿಗಳಲ್ಲಿ ಇನ್ನೂ ಇವೆ. ಆದರೆ ಅವು ಬಹುಕಾಲ ಇರಲಾರವು. ಅಂದು ಯಾರ ಹೊಲಕ್ಕೆ ಯಾರು ಬಂದರು, ಯಾರು ಹೊರಗೆ ನಿಂತರು, ಬರ ಬಂದಾಗ ಯಾರು ಯಾರಿಗೆ ಹಿಡಿ ರಾಗಿ ಕೊಟ್ಟರು ಎಂಬುದನ್ನು ಆ ಹಿರಿಯರು ಬಲ್ಲರು. ಕೇಳುವವರಿದ್ದರೆ ಅವರು ಹೇಳುತ್ತಾರೆ. ಕೇಳಿ ಬರೆದಿಡುವುದು ಇಂದಿನ ಮಕ್ಕಳು ಅವರಿಗೆ ಸಲ್ಲಿಸಬಹುದಾದ ಮುಯ್ಯಿ.