ಬಾಣಂತನ ಮುಗಿಸಿಕೊಂಡೇ ಲೇಹ್‌ಗೆ ಹೋಗು

ಮಗಳೇ,

ಅಳಿಯಂದಿರಿಗೆ ಲೇಹ್‌ಗೆ ವರ್ಗವಾಗಿದೆ, ಮನೆಯೂ ಸಿಕ್ಕಿದೆ, ನಲವತ್ತು ದಿನ ಕಳೆಯುತ್ತಲೇ ಕೂಸನ್ನು ಎತ್ತಿಕೊಂಡು ವಿಮಾನ ಹತ್ತುತ್ತೀಯಂತೆ. ಬೇಡ. ಎಳೆಗೂಸುಗಳ ವಾರ್ಡಿನಲ್ಲೇ ನರ್ಸಾಗಿ ತಲೆ ನರೆತವಳ ಮಾತಿದು, ದೊಡ್ಡಮ್ಮನ ಪುಕ್ಕಲುತನ ಅಂತ ತಳ್ಳಿಹಾಕಬೇಡ.

ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಲೇಹ್ ಊರಿರುವುದು ಸುಮಾರು 3,500 ಮೀಟರ್ ಮೇಲೆ. ಉಸಿರಿಗೆ ಒದಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಷ್ಟೇ. ದೊಡ್ಡವರಿಗೆ ಒಂದೆರಡು ದಿನ ತಲೆನೋವು ಬಂದು ಸಾಮಾನ್ಯವಾಗಿ ಮೈ ಒಗ್ಗಿಕೊಳ್ಳುತ್ತದೆ. ಹಸುಗೂಸಿನದು ಹಾಗಲ್ಲ. ಹೊಟ್ಟೆಯಲ್ಲಿದ್ದಾಗ ಅದರ ಶ್ವಾಸಕೋಶಕ್ಕೆ ಕೆಲಸವಿರುವುದಿಲ್ಲ, ಅಲ್ಲಿನ ರಕ್ತನಾಳಗಳು ಬಿಗಿದುಕೊಂಡೇ ಇರುತ್ತವೆ. ಹುಟ್ಟಿ ಉಸಿರಾಡಿದ ಮೇಲೆ ಅವು ಸಡಿಲವಾಗುತ್ತ, ಗೋಡೆ ತೆಳುವಾಗುತ್ತ ಹೋಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ನಡುವೆಯೇ ಆಮ್ಲಜನಕ ಕಡಿಮೆಯಾದರೆ ಮತ್ತೆ ಬಿಗಿಯುತ್ತವೆ. ಆ ಬಿಗಿಯ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತುಹೋಗಬಹುದು.

ಟಿಬೆಟ್ಟಿನ ಲ್ಹಾಸಾದಲ್ಲಿ ಹೀಗೆ ತೀರಿಕೊಂಡ ಕೂಸುಗಳ ಬಗ್ಗೆ 1988ರಲ್ಲೇ ವೈದ್ಯರು ಬರೆದಿದ್ದಾರೆ. ಹೆಚ್ಚಿನವು ತಗ್ಗಿನ ಊರುಗಳಲ್ಲಿ ಹುಟ್ಟಿ, ಆಮೇಲೆ ಅಲ್ಲಿಗೆ ಬಂದ ಚೀನೀ ಮಕ್ಕಳು. ಬಂದ ದಿನವೇ ಅಲ್ಲ, ವಾರಗಳು ಉರುಳಿದ ಮೇಲೆ ಕಾಯಿಲೆ ಬಿದ್ದವು. ಹಾಗಾಗಿ ‘ಬಂದು ಮೂರು ದಿನವಾಯ್ತು, ಪಾಪು ಆಡಿಕೊಂಡಿದೆ’ ಅಂತ ಮೈಮರೆಯುವಂತಿಲ್ಲ.

ಏನು ನೋಡಬೇಕು ಅಂತ ಕೇಳುತ್ತೀ. ಹಾಲು ಕುಡಿಯುವುದನ್ನು ನೋಡು. ನಾಲ್ಕು ಗುಟುಕು ಎಳೆದು, ಮೊಲೆ ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಬಾಯಿ ಹಾಕುತ್ತಿದೆಯೇ? ಆ ಚಳಿಯಲ್ಲೂ ಹಣೆ ಬೆವರುತ್ತಿದೆಯೇ? ಮಲಗಿದ್ದಾಗ ನಿಮಿಷಕ್ಕೆ ಅರವತ್ತಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದೆಯೇ? ತುಟಿ ನೀಲಿಗಟ್ಟಿತೇ, ಮುಖ ಊದಿತೇ, ತೂಕ ಏರುತ್ತಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡು. ಆಮ್ಲಜನಕ ಕೊಡುತ್ತಾರೆ, ಆದರೆ ಆ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದೇ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಹವಾಮಾನ ಕೆಟ್ಟರೆ ವಿಮಾನವೂ ಹಾರುವುದಿಲ್ಲ. ನನಗೆ ಎಲ್ಲಕ್ಕಿಂತ ದಿಗಿಲು ಅದೇ.

ಪಕ್ಕದ ಮನೆಯ ಲಡಾಖಿ ಕೂಸಿಗೆ ನಿನ್ನ ಕೂಸನ್ನು ಹೋಲಿಸಲೂ ಬೇಡ. ಲ್ಹಾಸಾದಲ್ಲೇ ಹುಟ್ಟಿದ ಮಕ್ಕಳನ್ನು ಅಳೆದಾಗ, ಅದೇ ಊರಿನಲ್ಲಿ ಹುಟ್ಟಿದ ಚೀನೀ ಮಕ್ಕಳಿಗಿಂತ ಟಿಬೆಟನ್ ಮಕ್ಕಳ ರಕ್ತದಲ್ಲಿ ಆಮ್ಲಜನಕ ಹೆಚ್ಚಿತ್ತು. ಸಾವಿರಾರು ವರ್ಷ ಆ ಎತ್ತರದಲ್ಲೇ ಬಾಳಿದ ಪೀಳಿಗೆಗಳ ಬಳುವಳಿ ಅದು. ನಮಗೆಲ್ಲಿಯದು? ಎರಡನೆಯದಕ್ಕೂ ಅಲ್ಲೇ ಇರುತ್ತೀಯಾದರೆ ಇದೂ ಗೊತ್ತಿರಲಿ: ಎತ್ತರ ಸಾವಿರ ಮೀಟರ್ ಏರಿದಂತೆ ಹುಟ್ಟುವ ಮಗುವಿನ ತೂಕ ಸರಾಸರಿ ನೂರು ಗ್ರಾಂನಷ್ಟು ಇಳಿಯುತ್ತದೆ.

ಬಾಣಂತಿ ಐದು ತಿಂಗಳು ತವರಿನಲ್ಲಿರಬೇಕು ಅನ್ನುವುದು ಲೇಹ್ ನೋಡಿ ಮಾಡಿದ ಕಟ್ಟಳೆಯಲ್ಲ, ಆದರೂ ಈಗ ಅನುಕೂಲಕ್ಕೆ ಬಂತು. ಅಷ್ಟು ದಿನ ಇಲ್ಲೇ ಇರು. ಹೊರಡುವ ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೃದಯದ ಎಕೋ ಮಾಡಿಸು. ಈ ಕೂಸು ದಿನ ತುಂಬದೆ ಹುಟ್ಟಿದ್ದು, ಅದನ್ನೂ ಅವರಿಗೆ ಹೇಳು. ಮೂಗು ಕಟ್ಟಿದ್ದರೆ, ಕೆಮ್ಮಿದ್ದರೆ ಪ್ರಯಾಣ ಮುಂದಕ್ಕೆ ಹಾಕು. ಅಷ್ಟರಲ್ಲಿ ಬೇಸಿಗೆ ಬಂದು ಶ್ರೀನಗರದ ರಸ್ತೆಯೂ ತೆರೆದಿರುತ್ತದೆ. ಶ್ರೀನಗರದಲ್ಲಿ ಕೆಲವು ದಿನ, ಕಾರ್ಗಿಲ್‌ನಲ್ಲಿ ಕೆಲವು ದಿನ ತಂಗಿ ಮೆಲ್ಲಗೆ ಏರಿ. ಮನಾಲಿಯ ದಾರಿ ಬೇಡವೇ ಬೇಡ, ಅದರ ಕಣಿವೆಹಾದಿಗಳು ಲೇಹ್‌ಗಿಂತಲೂ ಎತ್ತರ.

ಇನ್ನೊಂದು ಮಾತು. ಅಲ್ಲಿ ಮನೆಯೊಳಗೆ ಬುಖಾರಿ ಒಲೆ ಉರಿಸುತ್ತಾರೆ. ಹೊಗೆ ಕೊಳವೆ ಸರಿಯಾಗಿದೆಯೇ ನೋಡಿಸು, ಗಾಳಿ ಆಡಲು ಕಿಟಕಿ ಒಂದಿಷ್ಟು ತೆರೆದಿರಲಿ, ಮಲಗುವಾಗ ಒಲೆ ಆರಿಸು. ಎರೆದ ಮೇಲೆ ನಿಮ್ಮಮ್ಮ ಕೂಸಿಗೆ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾಳಲ್ಲ, ಆ ಪೊಟ್ಟಣ ಇಲ್ಲೇ ಬಿಟ್ಟುಹೋಗು. ಅವಳಿಗೆ ನಾನು ಹೇಳುತ್ತೇನೆ.