ಸ್ಪೈಡರ್ ಕಾರಿನ ಅಡಿಯಲ್ಲಿ ಮಲಗಿ ಕಲಿತದ್ದು

ಇಟಲಿಯ ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುವುದು ನನ್ನ ಕಸುಬು. ನನಗೆ ಹೆಚ್ಚು ಕಲಿಸಿದ್ದು ಆಲ್ಫಾ ರೋಮಿಯೋ ಸ್ಪೈಡರ್. 1966ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು ಡ್ಯುಯೆಟ್ಟೊ ಎಂದೇ ಮನೆಮಾತು. ಅದರ ಅಂದಕ್ಕೆ ಮನಸೋತು ಕೊಳ್ಳಲು ಹೊರಟವರಿಗೆ ನಾನು ಹೇಳುವ ಮಾತುಗಳಿವು.

1. ಬಣ್ಣವನ್ನು ಆಮೇಲೆ ನೋಡಿ, ಮೊದಲು ತಳ ನೋಡಿ. ಈ ಕಾರಿಗೆ ಬೇರೆ ಚಾಸಿಯಿಲ್ಲ, ಮೇಲೆ ಗಟ್ಟಿ ಛಾವಣಿಯೂ ಇಲ್ಲ. ಭಾರವನ್ನೆಲ್ಲ ಹೊರುವುದು ತಳದ ತಗಡು ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗಳು. ಬಟ್ಟೆಯ ಹುಡ್ ಮಡಚಿಡುವ ಜಾಗದಿಂದ ನೀರು ಹೊರಹೋಗುವ ತೂತುಗಳಿಗೆ ತರಗೆಲೆ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹೊರಗೆ ಏನೂ ಕಾಣದ ಹಾಗೆ ತುಕ್ಕು ತಿನ್ನುತ್ತದೆ. ಒಂದು ಪಕ್ಕಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ. ಅದು ಬಿಗಿಯಾಗಿ ಸಿಕ್ಕಿಕೊಂಡರೆ ತಳ ಸೋತಿದೆ ಎಂದೇ ತಿಳಿಯಿರಿ. ಪುಟ್ಟಿ ತುಂಬಿದ ಕಡೆ ಆಯಸ್ಕಾಂತ ಹಿಡಿಯುವುದಿಲ್ಲ. ಎಂಜಿನ್ ಕೆಟ್ಟಿದ್ದರೆ ಸರಿಪಡಿಸಬಹುದು. ತಳ ಹೋದ ಕಾರನ್ನು ಉಳಿಸುವ ಖರ್ಚಿಗೆ ಮಿತಿಯೇ ಇಲ್ಲ.

2. ಎಂಜಿನ್ನಿಗೆ ಮರ್ಯಾದೆ ಕೊಡಿ. ಆಲ್ಫಾದ 1954ರ ಜೂಲಿಯೆಟ್ಟಾ ಕಾರಿನಲ್ಲಿ ಹುಟ್ಟಿದ ವಂಶ ಇದು. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಒಳಗೆ ಎರಕದ ಕಬ್ಬಿಣದ ಲೈನರ್. ಮೇಲೆ ಚೈನಿನಿಂದ ತಿರುಗುವ ಎರಡು ಕ್ಯಾಮ್‌ಶಾಫ್ಟ್. ಬರೀ 1570 ಸಿಸಿಯಿಂದ 109 ಅಶ್ವಶಕ್ತಿ. ಜೊತೆಗೆ ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ರೇಸಿನ ಕಾರುಗಳಲ್ಲಿ ಸಿಗುತ್ತಿದ್ದ ಇಂಥ ಎಂಜಿನ್ನನ್ನು ಆಲ್ಫಾ ತನ್ನ ಸಾಮಾನ್ಯ ಸೆಡಾನಿಗೂ ಕೊಟ್ಟಿತು. ಅದರ ದೊಡ್ಡತನ ಇರುವುದು ಇಲ್ಲಿಯೇ ಎಂದು ನನ್ನ ನಂಬಿಕೆ.

ಮೆಕ್ಯಾನಿಕ್ಕನಿಗೆ ಇದು ತಾಳ್ಮೆ ಬೇಡುವ ಎಂಜಿನ್. ವಾಲ್ವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಅದನ್ನು ತಿದ್ದಲು ಸ್ಕ್ರೂ ಇಲ್ಲ. ಕ್ಯಾಮ್‌ಶಾಫ್ಟ್ ಬಿಚ್ಚಿ, ಟಪೆಟ್ ಎತ್ತಿ, ಅದರಡಿಯ ಪುಟ್ಟ ಶಿಮ್ ತೆಗೆದು, ಸರಿಯಾದ ದಪ್ಪದ ಇನ್ನೊಂದನ್ನು ಕೂರಿಸಿ ಮತ್ತೆ ಅಳೆಯಬೇಕು. ಎಂಟು ವಾಲ್ವಿಗೂ ಇದೇ ಪಾಡು. ಅವಸರವಿದ್ದವರು ಇದನ್ನು ಬಿಟ್ಟು ಕಾರ್ಬುರೇಟರ್ ತಿರುಗಿಸುತ್ತಾ ಕೂರುತ್ತಾರೆ. ಸಂದು ಸರಿಯಿಲ್ಲದೆ ಎರಡು ವೆಬರ್ ಕಾರ್ಬುರೇಟರುಗಳು ಎಂದಿಗೂ ಹದಕ್ಕೆ ಬರುವುದಿಲ್ಲ. ಹದಕ್ಕೆ ಬಂದಾಗ ಮೂರು ಸಾವಿರ ಸುತ್ತು ದಾಟುತ್ತಿದ್ದಂತೆ ಆ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಅದನ್ನು ಕೇಳಲೆಂದೇ ನಾನು ಈ ಕಸುಬಿನಲ್ಲಿದ್ದೇನೆ.

3. ತಣ್ಣಗಿರುವಾಗ ರೇಗಿಸಬೇಡಿ. ಬ್ಲಾಕಿನಿಂದ ಹೆಡ್ಡಿಗೆ ಆಯಿಲ್ ಹಾಯುವ ದಾರಿಗಳನ್ನು ಪುಟ್ಟ ರಬ್ಬರ್ ಉಂಗುರಗಳು ಮುಚ್ಚಿ ಹಿಡಿದಿರುತ್ತವೆ. ವಯಸ್ಸಾದ ಉಂಗುರಗಳಿಗೆ ಶಾಖದ ಏರಿಳಿತ ಆಗಿಬರುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯಂಥ ಕೆಸರು ಕಂಡರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಿ, ಕಾರನ್ನು ಅಲ್ಲೇ ನಿಲ್ಲಿಸಿ.

4. ಎರಡನೇ ಗೇರಿಗೆ ನಿಧಾನವಾಗಿ ಬನ್ನಿ. ಅದರ ಸಿಂಕ್ರೊ ಬೇಗ ಸವೆಯುತ್ತದೆ.

5. ಬಾಲದ ಜಗಳಕ್ಕೆ ಹೋಗಬೇಡಿ. ಮೊದಲ ಕಾರುಗಳ ಹಿಂಭಾಗ ದೋಣಿಯ ತುದಿಯಂತೆ ದುಂಡಗೆ ಇಳಿಯುತ್ತಿತ್ತು. ಇಟಲಿಯ ಕಾರು ವಿನ್ಯಾಸಕಾರ ಬತ್ತಿಸ್ತಾ ಪಿನಿನ್‌ಫರೀನಾ ಖುದ್ದಾಗಿ ಕೈಯಿಟ್ಟ ಕೊನೆಯ ವಿನ್ಯಾಸಗಳಲ್ಲಿ ಇದೂ ಒಂದು. ಜಿನೀವಾ ಪ್ರದರ್ಶನದ ಮರುತಿಂಗಳೇ ಅವರು ತೀರಿಕೊಂಡರು. 1967ರ ‘ದಿ ಗ್ರ್ಯಾಜುಯೇಟ್’ ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ಓಡಿಸಿದ ಕೆಂಪು ಕಾರೂ ಅದೇ ಆದ್ದರಿಂದ ಅದರ ಬೆಲೆ ಗಗನಕ್ಕೇರಿದೆ. ದಶಕದ ಕೊನೆಗೆ ಬಾಲ ಕತ್ತರಿಸಿದ ರೂಪ ಬಂತು, ಡಿಕ್ಕಿ ದೊಡ್ಡದಾಯಿತು. ಓಡಿಸಲೆಂದೇ ಕೊಳ್ಳುವವರಿಗೆ ನಾನು ಹೇಳುವುದು ಕತ್ತರಿಸಿದ ಬಾಲದ 1750. ಅದರ 1779 ಸಿಸಿ ಎಂಜಿನ್ ಈ ವಂಶದಲ್ಲೇ ಅತ್ಯಂತ ನಯವಾದದ್ದು. ಮೂಲ ರಚನೆ 1993ರವರೆಗೂ ಮುಂದುವರಿದದ್ದರಿಂದ ಬಿಡಿಭಾಗಗಳಿಗೆ ಈಗಲೂ ಬರವಿಲ್ಲ.

6. ಬೀಗ ಹಾಕಿ ಇಡಬೇಡಿ. ನಿಂತ ಕಾರಿನಲ್ಲಿ ಪೆಟ್ರೋಲ್ ಆರಿ ಜೆಟ್ಟುಗಳಲ್ಲಿ ಅಂಟಾಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಸಿಲಿಂಡರನ್ನು ಕೊರೆಯುತ್ತದೆ, ಸೀಲುಗಳು ಒಣಗುತ್ತವೆ. ಗ್ಯಾರೇಜಿನೊಳಗೆ ಐದು ನಿಮಿಷ ಎಂಜಿನ್ ಓಡಿಸುವುದು ಇನ್ನೂ ಕೆಟ್ಟದ್ದು. ಸೈಲೆನ್ಸರಿನಲ್ಲಿ ನೀರು ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ರಸ್ತೆಗಿಳಿಸಿ, ಆಯಿಲ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ, ಐದನೇ ಗೇರಿನವರೆಗೂ ಓಡಿಸಿ ಬನ್ನಿ.