ತಿಕ್ಕುವ ಮುನ್ನ ತಳ ನೋಡಿ

ವಿಕ್ಟೋರಿಯಾ ರಾಣಿಯ ಕಾಲದ (1837–1901) ಬೆಳ್ಳಿ ಲೇಪದ ಇಂಗ್ಲಿಷ್ ಟೀಪಾಟ್‌ಗಳ ದುರಸ್ತಿ, ಆರೈಕೆ ನನ್ನ ಕಸುಬು. ಅವುಗಳ ಮೇಲಿರುವ ಬೆಳ್ಳಿ ಕೂದಲೆಳೆಗಿಂತ ತೆಳು. ಅದನ್ನು ಉಳಿಸಿಕೊಳ್ಳಲು ಕೆಲಸವೇ ಕಲಿಸಿದ ಪಾಠಗಳು ಇವು.

1. ಮೊದಲು ತಳದ ಮುದ್ರೆ ಓದಿ. ‘ಇಪಿಎನ್ಎಸ್’ ಎಂದಿದ್ದರೆ ಒಳಲೋಹ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಾವು ಜರ್ಮನ್ ಸಿಲ್ವರ್ ಎನ್ನುವುದು ಇದನ್ನೇ. ‘ಇಪಿಬಿಎಂ’ ಎಂದಿದ್ದರೆ ಬ್ರಿಟಾನಿಯಾ ಲೋಹ. ಅದರಲ್ಲಿ ಹೆಚ್ಚಿನ ಪಾಲು ತವರ, ಹಾಗಾಗಿ ಬೇಗ ನೆಗ್ಗುತ್ತದೆ.

2. ಕಾಲವನ್ನು ಅವಸರದಲ್ಲಿ ಹೇಳಬೇಡಿ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕುಟುಂಬದವರು ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದದ್ದು 1840ರಲ್ಲಿ. ಅದಕ್ಕೂ ಹಿಂದಿನ ಶೆಫೀಲ್ಡ್ ಪಾತ್ರೆಗಳಲ್ಲಿ ತಾಮ್ರಕ್ಕೆ ಬೆಳ್ಳಿ ತಗಡನ್ನು ಕಾಯಿಸಿ ಬೆಸೆದಿರುತ್ತಾರೆ. ವಜ್ರಾಕಾರದ ಮುದ್ರೆ 1842ರಿಂದ 1883ರವರೆಗಿನದು. ಆದರೆ ಅದು ಹೇಳುವುದು ವಿನ್ಯಾಸ ನೋಂದಣಿಯಾದ ದಿನವನ್ನು, ಪಾತ್ರೆ ತಯಾರಾದ ದಿನವನ್ನಲ್ಲ.

3. ಕಪ್ಪಾಗಿದೆ ಎಂದು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಚ್ಚಬೇಡಿ. ಬೆಳ್ಳಿ ಗಾಳಿಯ ಗಂಧಕದೊಡನೆ ಕೂಡಿ ಆದದ್ದೇ ಆ ಕಪ್ಪು. ಅದನ್ನು ಉಜ್ಜಿ ತೆಗೆದಾಗಲೆಲ್ಲ ಸ್ವಲ್ಪ ಬೆಳ್ಳಿಯೂ ಹೋಗುತ್ತದೆ. ಮೊದಲು ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಹತ್ತಿ ಬಟ್ಟೆ. ಅದು ಸಾಲದಿದ್ದರಷ್ಟೇ ಬೆಳ್ಳಿ ಪಾಲಿಶ್, ಅದೂ ಅಪರೂಪಕ್ಕೆ. ಕೆತ್ತನೆಯ ಸಂದಿನಲ್ಲಿರುವ ಕಪ್ಪನ್ನು ಹಾಗೇ ಬಿಡಿ, ಚಿತ್ತಾರ ಎದ್ದು ಕಾಣುವುದು ಅದರಿಂದಲೇ.

4. ಒಲೆಯ ಮೇಲೆ ಇಡಲೇಬೇಡಿ. ಬ್ರಿಟಾನಿಯಾ ಲೋಹ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಗ್ಯಾಸಿನ ಉರಿ ಅದಕ್ಕಿಂತ ಎಷ್ಟೋ ಬಿಸಿ. ನೀರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಸುರಿಯಿರಿ.

5. ಹಿಡಿಯನ್ನು ನೀರಿನಲ್ಲಿ ನೆನೆಸಬೇಡಿ. ಲೋಹದ ಹಿಡಿಯ ಎರಡೂ ತುದಿಯಲ್ಲಿ ಮೂಳೆ ಅಥವಾ ದಂತದ ಬಿಳಿ ಬಿಲ್ಲೆಗಳಿರುತ್ತವೆ. ಕೈಗೆ ಬಿಸಿ ತಾಗದಂತೆ ತಡೆಯುವುದು ಅವೇ. ನೆನೆದರೆ ಬಿರುಕು ಬಿಡುತ್ತವೆ.

6. ಒಳಗಿನ ಟೀ ಕಲೆಗೆ ಅಡುಗೆ ಸೋಡಾ, ಬಿಸಿ ನೀರು ಸಾಕು. ತೊಳೆದ ಮೇಲೆ ಮುಚ್ಚಳ ತೆರೆದಿಟ್ಟು ಪೂರ್ತಿ ಒಣಗಿಸಿ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ. ಅದರಲ್ಲಿಯೂ ಗಂಧಕವಿದೆ, ಕಪ್ಪು ಗೆರೆ ಬೀಳುತ್ತದೆ.

7. ಹೊಸ ಲೇಪ ಕೊನೆಯ ದಾರಿ. ಲೇಪಕ್ಕೆ ಮುನ್ನ ಮೈಯನ್ನು ಉಜ್ಜಿ ನುಣುಪಾಗಿಸುತ್ತಾರೆ, ಕೆತ್ತನೆ ಮಸುಕಾಗುತ್ತದೆ. ಆ ಕಾಲದ ಹೆಸರಾಂತ ವಿನ್ಯಾಸಕ ಕ್ರಿಸ್ಟೋಫರ್ ಡ್ರೆಸ್ಸರ್ ಶೆಫೀಲ್ಡ್‌ನ ಜೇಮ್ಸ್ ಡಿಕ್ಸನ್ ಕಂಪನಿಗೆ ವಿನ್ಯಾಸ ಮಾಡಿಕೊಟ್ಟಂಥ ಪಾತ್ರೆ ಸಿಕ್ಕರೆ, ಬಲ್ಲವರಿಗೆ ತೋರಿಸುವವರೆಗೆ ಪಾಲಿಶನ್ನೂ ಮುಟ್ಟಿಸಬೇಡಿ. ಅಂಚಿನಲ್ಲಿ ಒಳಲೋಹ ಇಣುಕಿದರೂ ಟೀ ಸುರಿಯಲು ಅಡ್ಡಿಯಿಲ್ಲ. ಅಂಥದ್ದನ್ನು ಇದ್ದಂತೆಯೇ ಬಳಸಿ ಎನ್ನುವುದು ನನ್ನ ಸಲಹೆ.